ಸಹಿಯಿಲ್ಲದ ಕಾಗದ

"ಓದಿ ನೋಡಿ," ಎಂದು ಹೆರಿಗೆ ಆಸ್ಪತ್ರೆಯ ಮುಖ್ಯ ಡಾಕ್ಟರು ಮೇಜಿನ ಮೇಲಿದ್ದ ಕಾಗದವನ್ನು ಎರಡೇ ಬೆರಳಿನಿಂದ ಮುಂದಕ್ಕೆ ತಳ್ಳಿದರು.

ಹೆರಿಗೆ ವಾರ್ಡಿನ ಉಸ್ತುವಾರಿ ನೋಡಿಕೊಳ್ಳುವ ದೊಡ್ಡ ಸಿಸ್ಟರ್ ಕೂರಲಿಲ್ಲ. ಒಳಗೆ ಇಬ್ಬರು ನೋವು ತಿನ್ನುತ್ತ ಮಲಗಿದ್ದರು. ಕೂರುವಷ್ಟು ಪುರುಸೊತ್ತು ಅವಳಿಗೆ ಇರಲಿಲ್ಲ. ಕೊರಳಿಗೆ ನೇತುಹಾಕಿದ್ದ ಕನ್ನಡಕ ಏರಿಸಿಕೊಂಡು ನಿಂತೇ ಓದಿದಳು. ಗೆರೆ ಹಾಕಿದ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಅಕ್ಷರ ದುಂಡಗಿತ್ತು, ಒಂದೇ ಒಂದು ಕಡೆಯೂ ಕಾಟು ಹೊಡೆದಿರಲಿಲ್ಲ.

"ಹೋದ ತಿಂಗಳು ನಿಮ್ಮ ಆಸ್ಪತ್ರೆಯಲ್ಲಿ ನನಗೆ ಹೆರಿಗೆ ಆಯಿತು. ಮಗು ಚೆನ್ನಾಗಿದೆ. ನನ್ನನ್ನು ಹೆರಿಗೆ ಮೇಜಿನ ಮೇಲೆ ಮಲಗಿಸಿದಾಗ ಮೈಮೇಲೆ ಬಟ್ಟೆ ಇರಲಿಲ್ಲ. ಬಾಗಿಲು ತೆರೆದೇ ಇತ್ತು. ಫ್ಯಾನು ರಿಪೇರಿಯವನು ಏಣಿ ತಗೊಂಡು ಒಳಗೆ ಬಂದ. ನಾನು ಮೂರು ಸಲ ಹೊದಿಕೆ ಕೇಳಿದೆ. ಎಲ್ಲಾ ಒಗೆಯೋಕೆ ಹೋಗಿವೆ ಅಂದರು. ಬೀರುವಿನ ಕೆಳಗಿನ ಅರೆಯಲ್ಲಿ ಒಗೆದ ಹೊದಿಕೆಗಳು ಹನ್ನೊಂದು ಇದ್ದವು. ನೋವಿಗೆ ಕೂಗಿಕೊಂಡಾಗ ದೊಡ್ಡ ಸಿಸ್ಟರ್ ತೊಡೆಗೆ ಎರಡೇಟು ಹೊಡೆದರು. 'ಗಂಡನ ಹತ್ರ ಹೋಗುವಾಗ ಹೀಗೇ ಕೂಗಿದ್ಯಾ? ಆಗ ಇಲ್ಲದ ನಾಚಿಕೆ ಈಗ ಎಲ್ಲಿಂದ ಬಂತು?' ಅಂದರು. ಅಲ್ಲಿದ್ದವರು ನಕ್ಕರು. ಏಣಿಯ ಮೇಲಿದ್ದವನೂ ನಕ್ಕ. ಅದಾದ ಮೇಲೆ ನಾನು ಕೂಗಲಿಲ್ಲ."

ಕೆಳಗೆ ಹೆಸರಿಲ್ಲ, ಸಹಿಯಿಲ್ಲ. ಹಾಳೆಯ ಹಿಂದೆ ತಿರುವಿ ನೋಡಿದಳು. ಅಲ್ಲೂ ಏನಿಲ್ಲ.

"ಯಾರು ಬರೆದಿದ್ದು ಇದು?"

"ಹೆಸರು ಹಾಕಿಲ್ಲವಲ್ಲ ಸಿಸ್ಟರ್. ಹಾಗಾಗಿ ನಾನೂ ದೊಡ್ಡದು ಮಾಡೋಲ್ಲ. ಆದ್ರೆ ಮೇಲಿನ ಆಫೀಸಿಗೂ ಒಂದು ಪ್ರತಿ ಹೋಗಿದೆ. ಮುಂದಿನ ಸೋಮವಾರದೊಳಗೆ ಒಂದು ವಿವರಣೆ ಬರೆದು ಕೊಟ್ಟುಬಿಡಿ. 'ಆರೋಪ ಸತ್ಯಕ್ಕೆ ದೂರವಾದದ್ದು' ಅಂತ ನಾಲ್ಕು ಸಾಲು. ಅಷ್ಟೇ, ಮುಗೀತು."

ಡಾಕ್ಟರು ಇದು ನಿಜವೇ ಎಂದು ಕೇಳಲಿಲ್ಲ. ಅವರು ಕೇಳಲಿಲ್ಲ ಎಂಬುದು ದೊಡ್ಡ ಸಿಸ್ಟರಿಗೂ ಹೊಳೆಯಲಿಲ್ಲ. ಅವಳ ತಲೆಯಲ್ಲಿ ಆಗಲೇ ಒಂದೇ ಪ್ರಶ್ನೆ ಗಿರಕಿ ಹೊಡೆಯತೊಡಗಿತ್ತು. ಯಾರು?

ಇಪ್ಪತ್ತಾರು ವರ್ಷದ ಸೇವೆ. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ನೀಲಿಗಟ್ಟಿ ಬಂದ ಕೂಸುಗಳಿಗೆ ಉಸಿರು ಕೊಟ್ಟಿದ್ದಾಳೆ. ರಕ್ತ ನಿಲ್ಲದ ಬಾಣಂತಿಯ ಹೊಟ್ಟೆಯನ್ನು ಮುಷ್ಟಿಯಿಂದ ಒತ್ತಿ ಹಿಡಿದು, ಡಾಕ್ಟರು ಬರುವ ತನಕ ಕೈ ಸೋತರೂ ಬಿಡದೆ ನಿಂತಿದ್ದಾಳೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಹುಡುಗಿ ಹೆದರಿ ಕಾಲು ಜೋಡಿಸಿಕೊಂಡುಬಿಟ್ಟಳು; ಇವಳು ತಲೆ ಸವರುತ್ತ, ಪುಸಲಾಯಿಸುತ್ತ ಕೂತಳು; ಮಗು ಉಳಿಯಲಿಲ್ಲ. "ನಿನ್ನ ಮೆತ್ತನೆ ಮಾತಿಗೇ ಅದು ಹೋಯ್ತು," ಎಂದರು ಆಗಿನ ಹಿರಿಯ ಸಿಸ್ಟರ್. ಆವತ್ತಿನಿಂದ ಇವಳ ದನಿ ಬೇರೆಯಾಯಿತು. ಹೊರಗೆ ಬೆಂಚಿನ ಮೇಲೆ ಕಾಯುವ ಅತ್ತೆ-ಅಮ್ಮಂದಿರು ಇವಳಿಗೆ 'ಗುಡುಗು' ಎಂದು ಹೆಸರಿಟ್ಟಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ, ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಇತ್ತು.

ವಾರ್ಡಿಗೆ ಹಿಂತಿರುಗುವ ಹೊತ್ತಿಗೆ ಕಾಗದದ ಒಂದು ಸಾಲು ಅವಳ ಕೈಗೆ ಸಿಕ್ಕ ದಾರದ ತುದಿಯಾಗಿತ್ತು. ಬೀರುವಿನ ಕೆಳಗಿನ ಅರೆ. ಹನ್ನೊಂದು ಹೊದಿಕೆ. ಮೇಜಿನ ಮೇಲೆ ಅಂಗಾತ ಮಲಗಿದವಳಿಗೆ ಬೀರು ಕಾಣುವುದಿಲ್ಲ. ಕಂಡರೂ ಅದರ ಬಾಗಿಲು ಮುಚ್ಚಿರುತ್ತದೆ. ಅಂದರೆ ಒಳಗಿನವರೇ ಯಾರೋ ಹೇಳಿಕೊಟ್ಟಿದ್ದಾರೆ.

ಬೀರುವಿನ ಮುಂದೆ ಹೊಸ ಸಿಸ್ಟರ್ ನಿಂತು ಕೈಗವಸಿನ ಡಬ್ಬಿ ಜೋಡಿಸುತ್ತಿದ್ದಳು.

ಹೊಸ ಸಿಸ್ಟರ್ ಬಂದು ನಾಲ್ಕು ತಿಂಗಳಾಗಿತ್ತು. ಮೈಮುಟ್ಟುವ ಮೊದಲು "ನೋಡಬಹುದಾ ಅಮ್ಮ?" ಎಂದು ಕೇಳುತ್ತಿದ್ದಳು. ಮೊದಮೊದಲು ದೊಡ್ಡ ಸಿಸ್ಟರ್ ಅದನ್ನು ತಮಾಷೆ ಮಾಡುತ್ತಿದ್ದಳು. "ಬೇಡ ಅಂದ್ರೆ ಏನ್ಮಾಡ್ತೀಯಾ? ಮಗೂಗೆ ಅರ್ಜಿ ಕೊಟ್ಟು ಬರ್ತೀಯಾ?" ಹೊಸ ಸಿಸ್ಟರ್ ನಗುತ್ತಿರಲಿಲ್ಲ. ಈಗ ಆ ನಗದ ಮುಖ ನೆನಪಾಗಿ ದೊಡ್ಡ ಸಿಸ್ಟರಿಗೆ ಎಲ್ಲವೂ ಕನ್ನಡಿಯಷ್ಟು ಸ್ಪಷ್ಟವಾಯಿತು. ಹೋದ ತಿಂಗಳು ಒಬ್ಬ ಬಾಣಂತಿಯ ಹಾಸಿಗೆಯ ಪಕ್ಕ ಕೂತು ಪಿಸುಗುಡುತ್ತಿದ್ದಳಲ್ಲ? ತಾನು ಹತ್ತಿರ ಹೋದಾಗ ಮಾತು ನಿಲ್ಲಿಸಿದ್ದಳಲ್ಲ?

ಮಾರನೆಯ ದಿನ ಬೆಳಿಗ್ಗೆ ಡಾಕ್ಟರ ಕೋಣೆಯಲ್ಲಿ ಎರಡು ನಿಮಿಷ ಮಾತಾಡಿದ್ದು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಹೊಸ ಸಿಸ್ಟರನ್ನು 'ಸದ್ಯಕ್ಕೆ' ಕೆಳಗಿನ ಇಂಜೆಕ್ಷನ್ ಕೋಣೆಗೆ ಹಾಕಿದರು. ಹೋಗುವ ಮುನ್ನ ಅವಳು ದೊಡ್ಡ ಸಿಸ್ಟರಿನ ಎದುರು ಬಂದು ನಿಂತಳು.

"ನಾನೇ ಬರೆಸಿದ್ದು ಅಂತ ಹೇಳಿದ್ರಂತೆ."

"ನಿನ್ನ ಹೆಸರು ನಾನೇನೂ ಹೇಳಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯಾ?"

"ನಾನು ಬರೆದಿಲ್ಲ ಸಿಸ್ಟರ್. ಬರೆದಿದ್ರೆ ಹೆಸರು ಹಾಕ್ತಿದ್ದೆ."

ಅವಳು ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಬಾಯಿ ಜೋರು, ಇವಳೇ ಸೈ, ಎಂದುಕೊಂಡಳು ದೊಡ್ಡ ಸಿಸ್ಟರ್. ಬರೆಸಿದವಳು ಸಿಕ್ಕಳು, ಬರೆದವಳು ಸಿಗಬೇಕು. ಅವಳ ಬಾಯಿಂದಲೇ 'ಹೊಸ ಸಿಸ್ಟರ್ ಹೇಳಿಕೊಟ್ಟರು' ಎಂದು ಬಂದುಬಿಟ್ಟರೆ ಆಮೇಲೆ ವಿವರಣೆ ಬರೆಯುವುದೇನು ಮಹಾ.

ಹುಡುಕುವುದು ಕಷ್ಟವಾಗಲಿಲ್ಲ. ಫ್ಯಾನು ರಿಪೇರಿಯಾದ ದಿನ ಸ್ಟೋರಿನ ಪುಸ್ತಕದಲ್ಲಿತ್ತು. ಆ ದಿನ ತನ್ನ ಪಾಳಿಯಲ್ಲಿ ಹೆತ್ತವರು ಹೆರಿಗೆ ದಾಖಲೆಯಲ್ಲಿದ್ದರು: ಮೂವರು. ಹೆಸರು, ವಿಳಾಸ ಚೀಟಿಯಲ್ಲಿ ಬರೆದುಕೊಂಡಳು. ಬರೆದುಕೊಳ್ಳುವಾಗ ಮೂರೂ ಹೆಸರಿಗೆ ಮುಖ ಹೊಂದಿಸಲು ನೋಡಿದಳು. ಒಂದೂ ಹೊಂದಲಿಲ್ಲ. ವರ್ಷಕ್ಕೆ ಸಾವಿರ ಜನ ಬರುವ ಕಡೆ ಮುಖ ಎಲ್ಲಿ ನೆನಪಿರುತ್ತದೆ ಎಂದು ಚೀಟಿ ಮಡಚಿದಳು.

ಊಟದ ಹೊತ್ತಿನಲ್ಲಿ ವಾರ್ಡಿನ ಆಯಾಳ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ಆಯಾ ಅವಳಿಗಿಂತ ಎರಡು ವರ್ಷ ದೊಡ್ಡವಳು. ಇಬ್ಬರೂ ಇಪ್ಪತ್ತು ವರ್ಷದಿಂದ ಹೊದಿಕೆ ಕೋಣೆಯ ಮೂಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಆಯಾ ಸುಮ್ಮನೆ ಕೇಳಿಸಿಕೊಂಡಳು. ಹೊಸ ಸಿಸ್ಟರ್ ವಿಷಯ ಬಂದಾಗ ಮಾತ್ರ, "ಆ ಹುಡುಗೀನ ಯಾಕೆ ಕಳಿಸಿದ್ರಿ ಸಿಸ್ಟರಮ್ಮ? ಪಾಪ," ಎಂದಳು.

"ಪಾಪ ಏನು ಪಾಪ. ಹನ್ನೊಂದು ಹೊದಿಕೆ ಅಂತ ಎಣಿಸಿ ಹೇಳಿದಾಳೆ. ನಾಳೆಯಿಂದ ಆ ಮೂವರ ಮನೆಗೂ ಹೋಗ್ತೀನಿ. ಮಗು ಹೇಗಿದೆ ನೋಡೋಕೆ ಬಂದೆ ಅಂತ ಹೇಳೋದು."

ಆಯಾಳ ಕೈ ಬಾಯಿಯ ಹತ್ತಿರ ನಿಂತಿತು. "ಬಾಣಂತಿ ಮನೆಗೆ ಯಾಕೆ ಹೋಗ್ತೀರಾ. ಬರೆದೋರು ಬರೆದ್ರು, ಬಿಟ್ಟಾಕಿ."

"ನೀನು ಸುಮ್ಮನಿರು ಆಯಮ್ಮ. ನಿನಗೆ ಇದೆಲ್ಲ ತಿಳಿಯಲ್ಲ."

ಗಂಡನೂ ಸಂಜೆ ಅದನ್ನೇ ಬೇರೆ ಥರ ಹೇಳಿದ. ಅವನು ಗಡಿಯಾರ ರಿಪೇರಿ ಮಾಡುವವನು; ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುತ್ತಾನೆ. "ಪೊಲೀಸ್ ಆಗ್ಬೇಕಿತ್ತು ನೀನು. ಸುಮ್ನೆ ನರ್ಸ್ ಆಗಿ ಹಾಳಾದೆ," ಎಂದ. ಆಮೇಲೆ ಚಿಮಟದಲ್ಲಿ ಹಿಡಿದ ಚಕ್ರ ಕೆಳಗಿಟ್ಟು, "ಆ ಮಾತು ಅಂದಿದ್ದು ನೀನೇನಾ?" ಎಂದು ಕೇಳಿದ.

"ಯಾವ ಮಾತು?"

"ಅದೇ, ನಾಚಿಕೆ ಅದೂ ಇದೂ."

"ಹೆರಿಗೆ ಕೋಣೇಲಿ ಎಲ್ರೂ ಅನ್ನೋ ಮಾತೇ. ನಮ್ಮ ಹಿರಿಯ ಸಿಸ್ಟರೂ ಅಂತಿದ್ರು."

ಗಂಡ ಮತ್ತೆ ಚಕ್ರ ಎತ್ತಿಕೊಂಡ. ಅವನ ಮೇಲೂ ಅವಳಿಗೆ ಅನುಮಾನ ಬಂತು. ಇವನು ಯಾರ ಪರ?

ಮೊದಲ ಮನೆ ದರ್ಜಿಯದು. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಬಾಣಂತಿ. ಅತ್ತೆ ಬಾಗಿಲು ತೆಗೆದು ಗುರುತು ಹಿಡಿದಳು. "ಅಯ್ಯೋ, ದೊಡ್ಡ ಸಿಸ್ಟರ್ ಬಂದಿದಾರೆ ನೋಡೇ," ಎಂದು ಒಳಗೆ ಕೂಗಿದಳು. ಬಾಣಂತಿ ಎದ್ದು ನಿಂತುಬಿಟ್ಟಳು. ಮಗುವನ್ನು ಎದೆಗೆ ಅವುಚಿಕೊಂಡ ರೀತಿ ನೋಡಿದರೆ ಯಾರೋ ಕಿತ್ತುಕೊಂಡು ಹೋಗಲು ಬಂದಂತಿತ್ತು.

"ಮಗೂಗೆ ಏನಾದ್ರೂ ಆಗಿದೆಯಾ ಸಿಸ್ಟರ್? ರಕ್ತದ ಪರೀಕ್ಷೇಲಿ ಏನಾದ್ರೂ ಬಂತಾ?"

"ಏನಿಲ್ಲಮ್ಮ. ಸುಮ್ನೆ ಹೇಗಿದೀಯ ಅಂತ ನೋಡೋಕೆ ಬಂದೆ."

ಆ ಮಾತನ್ನು ಹುಡುಗಿ ನಂಬಲಿಲ್ಲ. ಇಷ್ಟು ವರ್ಷದಲ್ಲಿ ಆಸ್ಪತ್ರೆಯವರು ಸುಮ್ಮನೆ ಯಾರ ಮನೆಗೆ ಬಂದಿದ್ದಾರೆ? ಅವಳು ಕೂರದೆ ನಿಂತೇ ಇದ್ದಳು. ದೊಡ್ಡ ಸಿಸ್ಟರ್ ಮಗುವಿನ ತೂಕ, ಹಾಲು, ನಿದ್ದೆ ಎಲ್ಲ ಕೇಳಿ, ಕಡೆಗೆ ಮಾತಿನ ಮಧ್ಯೆ ತೇಲಿಬಿಟ್ಟಳು: "ಆವತ್ತು ಹೊದಿಕೆ ಸಿಗದೆ ಕಷ್ಟ ಆಯ್ತೇನೋ ನಿಮಗೆಲ್ಲ."

"ಇಲ್ಲ ಇಲ್ಲ. ನನಗೂ ಇರಲಿಲ್ಲ, ಪಕ್ಕದ ಮೇಜಿನೋರಿಗೂ ಇರಲಿಲ್ಲ. ಅಲ್ಲಿ ಹಾಗೇನೇ ಅಂದ್ಕೊಂಡೆ."

"ನಾನು ಸ್ವಲ್ಪ ಗದರಿದೆ ಅಂತ..."

"ನೀವು ಹೊಡೆದಿದ್ದು ಒಳ್ಳೇದೇ ಆಯ್ತು ಬಿಡಿ," ಎಂದಳು ಅತ್ತೆ ನಡುವೆ ಬಾಯಿ ಹಾಕಿ. "ಇಲ್ದಿದ್ರೆ ಇವಳು ಎಲ್ಲಿ ಹೆರ್ತಿದ್ಲು. ನನಗೂ ಎರಡು ಬಿದ್ದಿತ್ತು, ಇವಳ ಗಂಡ ಹುಟ್ಟೋವಾಗ."

"ಹೌದು, ಒಳ್ಳೇದೇ ಆಯ್ತು," ಎಂದಳು ಸೊಸೆ. ಹೇಳುವಾಗ ಅವಳ ಎಡಗೈ ತನಗೇ ಗೊತ್ತಿಲ್ಲದೆ ತೊಡೆಯ ಮೇಲಿನ ಸೀರೆಯನ್ನು ನೇರ ಮಾಡಿತು.

ಇವಳಲ್ಲ ಎಂದು ದೊಡ್ಡ ಸಿಸ್ಟರ್ ಚೀಟಿಯಲ್ಲಿ ಗೆರೆ ಎಳೆದಳು. ಹೊರಗೆ ಬಂದು ಬೀದಿಯ ತಿರುವಿನವರೆಗೂ ನಡೆದ ಮೇಲೆ, ಹೊಡೆದೆ ಎಂದು ತಾನು ಹೇಳಿರಲಿಲ್ಲ, ಗದರಿದೆ ಎಂದಷ್ಟೇ ಹೇಳಿದ್ದೆ ಎಂಬುದು ನೆನಪಾಯಿತು. ಅಂದರೆ ಇವಳಿಗೂ ಹೊಡೆದಿದ್ದೆನೇ? ಹಾಗಾದರೆ ಗೆರೆ ಎಳೆದದ್ದು ತಪ್ಪಾಯಿತೇನೋ. ಆ ಹೆದರಿಕೆಯೆಲ್ಲ ನಾಟಕವೂ ಇರಬಹುದು. ಮತ್ತೆ ಚೀಟಿ ತೆಗೆದು ಗೆರೆಯ ಪಕ್ಕ ಒಂದು ಚುಕ್ಕಿ ಇಟ್ಟಳು.

ಎರಡನೆಯವಳು ಶಾಲೆಯ ಟೀಚರು. ದುಂಡಗಿನ ಅಕ್ಷರ, ಕಾಟಿಲ್ಲದ ಹಾಳೆ. ಮೊದಲಿನಿಂದಲೂ ದೊಡ್ಡ ಸಿಸ್ಟರಿನ ಕಣ್ಣು ಇವಳ ಮೇಲೇ ಇತ್ತು. ಮೂರನೆಯ ಮಹಡಿ. ಬಾಗಿಲು ಒಳಗಿನ ಸರಪಳಿ ಬಿಡುವಷ್ಟೇ ತೆರೆಯಿತು.

"ಯಾರು ಕಳಿಸಿದ್ರು ನಿಮ್ಮನ್ನ?"

"ಯಾರೂ ಇಲ್ಲ. ಮಗು ನೋಡ್ಕೊಂಡು ಹೋಗೋಣ ಅಂತ."

"ಮಗು ಚೆನ್ನಾಗಿದೆ." ಸರಪಳಿ ಸಡಿಲವಾಗಲಿಲ್ಲ. "ನಿಮಗೆ ನನ್ನ ನೆನಪಿದೆಯಾ?"

"ಅಯ್ಯೋ, ಇಲ್ದೆ ಏನು."

"ನನಗೆ ಯಾವ ಮಗು?"

ಚೀಟಿಯಲ್ಲಿ ಹೆಸರು, ವಿಳಾಸ ಮಾತ್ರ ಬರೆದುಕೊಂಡಿದ್ದಳು. ಬಾಗಿಲ ಸಂದಿಯಲ್ಲಿ ಹಗ್ಗದ ಮೇಲೆ ಒಣಗುತ್ತಿದ್ದ ನೀಲಿ ಅಂಗಿಯೊಂದು ಕಂಡಿತು. "ಗಂಡು," ಎಂದಳು.

ಟೀಚರು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಉತ್ತರ ಪತ್ರಿಕೆ ನೋಡಿದಂತೆ. "ಹೆಣ್ಣು," ಎಂದಳು. "ನಾನೇ ಕೇಳಿದೆ ನಿಮ್ಮನ್ನ, ಯಾವ ಮಗು ಅಂತ. 'ಆಮೇಲೆ ನೋಡ್ಕೋ, ಓಡಿ ಹೋಗಲ್ಲ' ಅಂದ್ರಿ. ಒಂದು ಗಂಟೆ ಆದ್ಮೇಲೆ ಗೊತ್ತಾಯ್ತು ನನಗೆ."

ದೊಡ್ಡ ಸಿಸ್ಟರಿಗೆ ಇನ್ನು ಸುತ್ತು ಬಳಸು ಬೇಡವೆನಿಸಿತು. "ಕಾಗದ ಬರೆದಿದ್ದು ನೀವೇನಾ?"

"ಯಾವ ಕಾಗದ?"

ಇವಳು ಒಂದೆರಡು ಸಾಲು ಹೇಳಿದಳು. ಏಣಿ, ಹೊದಿಕೆ, ಗಂಡನ ಹತ್ರ ಹೋಗುವಾಗ... ಆ ಮಾತನ್ನು ಪೂರ್ತಿ ಮಾಡಬೇಕಾಗಲಿಲ್ಲ. ಉಳಿದರ್ಧವನ್ನು ಟೀಚರು ಒಳಗಿನಿಂದ ತಾನೇ ಹೇಳಿ ಮುಗಿಸಿದಳು, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ.

"ನಾನು ಬರೆದಿಲ್ಲ," ಎಂದಳು ಆಮೇಲೆ. "ಬರೆಯೋಣ ಅಂತ ಎರಡು ಸಲ ಕೂತೆ. ಇನ್ನೊಂದು ಮಗು ಆದ್ರೆ ಮತ್ತೆ ನಿಮ್ಮ ಹತ್ರಾನೇ ಬರ್ಬೇಕಲ್ಲ ಅಂತ ಸುಮ್ಮನಾದೆ. ಅಲ್ಲಿ ಬಿಟ್ರೆ ನಮಗೆ ಬೇರೆ ಎಲ್ಲಿದೆ? ಬರೆದೋರು ಸಿಕ್ರೆ ಹೇಳಿ, ಅಕ್ಷರ ಚೆನ್ನಾಗಿದೆ ಅಂತ."

"ನಿಮಗೆ ಹೊಸ ಸಿಸ್ಟರ್ ಏನಾದ್ರೂ..."

"ಹೊಸ ಸಿಸ್ಟರ್ ಅಂದ್ರೆ ಯಾರು? ಮೈಮೇಲೆ ತನ್ನ ಕೋಟು ಹಾಕೋಕೆ ಬಂದ್ಲಲ್ಲ, ನೀವು ಬೈದು ಕಳಿಸಿದ್ರಿ, ಅವಳಾ?"

ಬಾಗಿಲು ಮುಚ್ಚಿತು. ದೊಡ್ಡ ಸಿಸ್ಟರ್ ಮೂರು ಮಹಡಿ ಇಳಿದಳು. ಕಾಗದ ಬರೆಯದ ಇಬ್ಬರೂ ಅದರಲ್ಲಿದ್ದುದನ್ನೇ ಹೇಳಿದ್ದರು. ಮೂವರೂ ಮೊದಲೇ ಮಾತಾಡಿಕೊಂಡಿದ್ದಾರೆ, ಹೊಂಚು ಹಾಕಿದ್ದಾರೆ ಎಂದು ಒಂದು ಕ್ಷಣ ಅನಿಸಿತು. ಆ ಯೋಚನೆಗೆ ಜೋತುಬಿದ್ದರೆ ಹಾಯೆನಿಸುತ್ತಿತ್ತು. ಬೀದಿ ದಾಟುವಷ್ಟರಲ್ಲಿ ಅದೂ ಕೈಬಿಟ್ಟಿತು. ಮೂರು ಮನೆ ಮೂರು ದಿಕ್ಕಿನಲ್ಲಿದ್ದವು. ದರ್ಜಿಯ ಹೆಂಡತಿಗೂ ಟೀಚರಿಗೂ ಎತ್ತಣಿಂದೆತ್ತ ಸಂಬಂಧ.

ಭಾನುವಾರ ಬೆಳಿಗ್ಗೆ ಮೂರನೆಯ ಮನೆಗೆ ಹೋದಳು. ಬಟ್ಟೆ ಇಸ್ತ್ರಿ ಮಾಡುವವರ ಸಾಲುಮನೆಗಳು, ಓಣಿಯುದ್ದಕ್ಕೂ ಬೇರೆಯವರ ಅಂಗಿ-ಚಾದರಗಳು ನೇತಾಡುತ್ತಿದ್ದವು. ಬಗ್ಗಿ ಬಗ್ಗಿ ದಾರಿ ಮಾಡಿಕೊಂಡು ಹೋಗಬೇಕಾಯಿತು. ಮನೆಯ ಬಾಗಿಲು ತೆರೆದಿತ್ತು. ಒಳಗಿನ ಕೋಣೆಯಲ್ಲಿ ಯಾರೋ ಹೆಣ್ಣುಮಗಳು ಮಗುವಿಗೆ ಅರ್ಥವಿಲ್ಲದ ಮಾತುಗಳನ್ನು ರಾಗವಾಗಿ ಹೇಳುತ್ತಿದ್ದಳು. ಹೊರಕೋಣೆಯಲ್ಲಿ, ಗೋಡೆಗೆ ಒರಗಿ, ಒಗೆದ ಪುಟ್ಟ ಬಟ್ಟೆಗಳನ್ನು ತೊಡೆಯ ಮೇಲೆ ಹಾಸಿ ಮಡಚುತ್ತ ಆಯಾ ಕೂತಿದ್ದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಯಾ ಏಳಲಿಲ್ಲ.

"ಬರ್ತೀರಾ ಅಂತ ಗೊತ್ತಿತ್ತು," ಎಂದಳು. "ನನ್ನ ತಂಗಿ ಮಗಳು."

"ಆಯಮ್ಮ," ಎಂದಳು ದೊಡ್ಡ ಸಿಸ್ಟರ್. ಅಷ್ಟೇ ಅಂದದ್ದು. ಒಳಗಿನ ರಾಗ ಫಕ್ಕನೆ ನಿಂತಿತು. ಯಾರೋ ಬರಿಗಾಲಲ್ಲಿ ನಡೆದು ಬಂದ ಸದ್ದು. ಆಮೇಲೆ ಒಳಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿ, ಒಳಗಿನಿಂದ ಚಿಲಕ ಬಿತ್ತು.

ದೊಡ್ಡ ಸಿಸ್ಟರ್ ಆ ಬಾಗಿಲನ್ನೇ ನೋಡುತ್ತ ನಿಂತಳು. ಬೈಗುಳವನ್ನು ಎದುರಿಸಲು ಅವಳಿಗೆ ಬರುತ್ತಿತ್ತು, ಅಳುವನ್ನೂ. ತನ್ನ ದನಿಗೆ ಒಬ್ಬಳು ಮಗುವನ್ನೆತ್ತಿಕೊಂಡು ಚಿಲಕ ಹಾಕಿಕೊಂಡದ್ದನ್ನು ಮಾತ್ರ ಏನು ಮಾಡಬೇಕೋ ತಿಳಿಯಲಿಲ್ಲ.

"ಅವಳು ಬರೆದಿದ್ದು," ಎಂದಳು ಆಯಾ. "ಹೊದಿಕೆ ಲೆಕ್ಕ ಹೇಳಿದ್ದು ನಾನು. ಬೆಳಿಗ್ಗೆ ನಾನೇ ತಾನೆ ಮಡಚಿ ಇಟ್ಟಿದ್ದು."

"ಒಂದು ಮಾತು ಹೇಳಬಾರದಿತ್ತಾ, ನನ್ನ ತಂಗಿ ಮಗಳು ಅಂತ? ಇಪ್ಪತ್ತು ವರ್ಷ ಒಟ್ಟಿಗೆ ಉಂಡೋರು ನಾವು."

"ಹೇಳಿದ್ರೆ ಏನು ಮಾಡ್ತಿದ್ರಿ?"

"ನೋಡ್ಕೋತಿದ್ದೆ. ಹೊದಿಕೆ ಕೊಡ್ತಿದ್ದೆ."

"ಹಾಗಾದ್ರೆ ಹೊದಿಕೆ ಇತ್ತು," ಎಂದಳು ಆಯಾ.

ಓಣಿಯಲ್ಲಿ ಯಾರೋ ಇಸ್ತ್ರಿಪೆಟ್ಟಿಗೆಯ ಕೆಂಡ ಊದುತ್ತಿದ್ದರು. ದೊಡ್ಡ ಸಿಸ್ಟರ್ ಹೊಸ್ತಿಲ ಮೇಲೆ ಕೂತಳು. ಯಾರೂ ಕೂರು ಎಂದಿರಲಿಲ್ಲ.

ಹೊದಿಕೆ ಯಾಕೆ ಕೊಡುತ್ತಿರಲಿಲ್ಲ ಎಂಬುದು ಅವಳಿಗೂ ಆಯಾಳಿಗೂ ಗೊತ್ತಿತ್ತು. ಕೊಟ್ಟರೆ ಕೊಳೆಯಾಗುತ್ತದೆ, ಕೊಳೆಯಾದರೆ ಒಗೆಯಲು ಕಳಿಸಬೇಕು, ತಪಾಸಣೆಗೆ ಯಾರಾದರೂ ಬಂದರೆ ಬೀರುವಿನಲ್ಲಿ ಬೆಳ್ಳಗೆ ಸಾಲಾಗಿ ಕಾಣಬೇಕು. ಅದಕ್ಕಿಂತ ದೊಡ್ಡ ಕಾರಣ ಯಾವತ್ತೂ ಇರಲಿಲ್ಲ.

"ಆವತ್ತು ಹೇಳೋಕೆ ಅಂತಾನೇ ಹತ್ರ ಬಂದೆ ಸಿಸ್ಟರಮ್ಮ," ಎಂದಳು ಆಯಾ. ಅವಳ ಕೈ ಮಡಚುವುದನ್ನು ಬಿಟ್ಟಿರಲಿಲ್ಲ. "ಅಷ್ಟರಲ್ಲಿ 'ಆಯಮ್ಮ, ಕಾಲು ಹಿಡಿ' ಅಂದ್ರಿ. ಹಿಡಿದೆ. ನೀವು ಹಿಡಿ ಅಂದ್ರೆ ಹಿಡಿದೇ ಅಭ್ಯಾಸ ನನಗೆ. ನಮ್ಮ ಹುಡುಗಿ 'ದೊಡ್ಡಮ್ಮ, ಬಟ್ಟೆ' ಅಂತ ನನ್ನೇ ಕೇಳಿದ್ಲು. ನಿಮಗೆ ಕೇಳಿಸಲಿಲ್ಲ. ಆಮೇಲೆ ನೀವು ಆ ಮಾತು ಅಂದ್ರಲ್ಲ, ಆಗ ನಾನೂ ನಕ್ಕೆ. ಪ್ರತಿಸಲ ನಗ್ತೀನಲ್ಲ, ಹಾಗೆ. ನಕ್ಕು ಮುಗಿದ ಮೇಲೆ ಅವಳ ಮುಖ ನೋಡಿದೆ."

ಅವಳು ಒಂದು ಪುಟ್ಟ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದಳು.

"ಹದಿನೈದು ದಿನ ಅವಳು ನನ್ನ ಹತ್ರ ಮಾತಾಡಲಿಲ್ಲ. ಮಗೂನ ಮುಟ್ಟೋಕೆ ಬಿಡಲಿಲ್ಲ. ಈ ಕಾಗದಕ್ಕೆ ನಾನು ಹೊದಿಕೆ ಲೆಕ್ಕ ಹೇಳಿದ ಮೇಲೇನೇ ಮನೆ ಒಳಗೆ ಬಿಟ್ಟಿದ್ದು. ನನ್ನ ಕೆಲಸಕ್ಕೆ ಕುತ್ತು ಬರುತ್ತೆ ಅಂತ ಸಹಿ ಹಾಕಲಿಲ್ಲ. ಈಗ ನಿಮಗೆ ಗೊತ್ತಾಯ್ತು. ಏನು ಮಾಡ್ತೀರೋ ಮಾಡಿ. ಆದ್ರೆ ಆ ಹುಡುಗೀನ ವಾರ್ಡಿಗೆ ವಾಪಸ್ ಕರೆಸಿ. ಅವಳದೇನೂ ಇಲ್ಲ ಇದರಲ್ಲಿ."

ಒಳಗೆ ಮಗು ಅಳಲು ಶುರು ಮಾಡಿತು. ತಾಯಿ ಸಮಾಧಾನ ಮಾಡುವ ದನಿ ಮಾತ್ರ ಕೇಳಿಬರಲಿಲ್ಲ. ತಾನು ಇಲ್ಲಿಂದ ಹೋಗುವವರೆಗೆ ಅವಳು ಬಾಯಿ ತೆರೆಯುವುದಿಲ್ಲ ಎಂದು ದೊಡ್ಡ ಸಿಸ್ಟರಿಗೆ ಅರ್ಥವಾಯಿತು. ಬಾಗಿಲ ಹತ್ತಿರ ಹೋಗಿ ಏನಾದರೂ ಹೇಳೋಣವೆಂದು ಒಮ್ಮೆ ಎದ್ದಳು. ಆಯಾ ತಲೆಯಾಡಿಸಿದಳು, ಬೇಡ ಎಂದು. ಮಗು ಜೋರಾಗಿ ಅಳುತ್ತಿತ್ತು. ದೊಡ್ಡ ಸಿಸ್ಟರ್ ಚಪ್ಪಲಿ ಮೆಟ್ಟಿಕೊಂಡು, ನೇತಾಡುವ ಚಾದರಗಳ ಕೆಳಗೆ ಬಗ್ಗಿ, ಆದಷ್ಟು ಬೇಗ ಓಣಿ ದಾಟಿದಳು.

ಸೋಮವಾರ ಬೆಳಿಗ್ಗೆ ಮುಖ್ಯ ಡಾಕ್ಟರ ಮೇಜಿನ ಮೇಲೆ ಅವಳ ವಿವರಣೆ ಇತ್ತು. ಒಂದೂವರೆ ಪುಟ. ಡಾಕ್ಟರು ಓದುತ್ತ ಓದುತ್ತ ಕುರ್ಚಿಯಲ್ಲಿ ನೆಟ್ಟಗಾದರು.

"ಏನ್ರೀ ಇದು? ಬಾಗಿಲು ತೆರೆದಿದ್ದು ನಿಜ, ಹೊಡೆದಿದ್ದು ನಿಜ, ಹೊದಿಕೆ ಇದ್ದೂ ಕೊಡದೇ ಇದ್ದದ್ದು ನಿಜ. ನಾಲ್ಕು ಸಾಲು ಬರೀರಿ ಅಂದ್ರೆ ಹೀಗಾ? ಇದನ್ನ ನಾನು ಮೇಲಕ್ಕೆ ಕಳಿಸಲೇಬೇಕಾಗುತ್ತೆ."

"ಕಳಿಸಿ ಮೇಡಂ."

ಡಾಕ್ಟರ ಕಣ್ಣು ಕಿರಿದಾಯಿತು. "ಯಾರಾದ್ರೂ ಹೆದರಿಸಿದ್ರಾ? ಪತ್ರಿಕೆಯವರು ಯಾರಾದ್ರೂ ಬಂದಿದ್ರಾ?"

"ಇಲ್ಲ."

"ಮತ್ತೆ ಯಾರು ಬರೆದಿದ್ದು ಅಂತ ಗೊತ್ತಾಯ್ತಾ?"

"ಆ ದಿನ ಮೂವರು ಹೆತ್ತಿದ್ರು. ಮೂವರಲ್ಲಿ ಯಾರು ಬೇಕಾದ್ರೂ ಬರೆದಿರಬಹುದು. ಹೊಸ ಸಿಸ್ಟರ್ ಮಾತ್ರ ಅಲ್ಲ. ನಾನು ಹೇಳಿದ್ದು ತಪ್ಪು. ಅವಳನ್ನ ವಾಪಸ್ ಕೊಡಿ."

ಡಾಕ್ಟರಿಗೆ ಇದರಲ್ಲಿ ಏನೋ ಒಳಗುಟ್ಟಿದೆ ಅನಿಸಿತು. ಇಷ್ಟು ವರ್ಷದ ಅನುಭವದಲ್ಲಿ ಯಾರೂ ತಾನಾಗಿ ತಪ್ಪೊಪ್ಪಿಕೊಂಡಿದ್ದನ್ನು ಅವರು ನೋಡಿರಲಿಲ್ಲ. ಅನುಮಾನದಿಂದಲೇ ಕಾಗದವನ್ನು ಲಕೋಟೆಗೆ ಹಾಕಿದರು.

ಮೇಲಿನಿಂದ ಇಬ್ಬರು ಬಂದು ವಿಚಾರಣೆ ಮಾಡಿದರು. ಎರಡು ತಿಂಗಳಲ್ಲಿ ವಾರ್ಡಿನ ಉಸ್ತುವಾರಿ ಬೇರೆಯವರಿಗೆ ಹೋಯಿತು. ಕೆಲಸ ಮಾತ್ರ ಉಳಿಯಿತು. ಹೆರಿಗೆ ಕೋಣೆಯ ಮೇಜುಗಳ ನಡುವೆ ಪರದೆ ಬಂತು. ದೊಡ್ಡ ಸಿಸ್ಟರನ್ನು ಈಗಲೂ ಎಲ್ಲರೂ ದೊಡ್ಡ ಸಿಸ್ಟರ್ ಎಂದೇ ಕರೆಯುತ್ತಿದ್ದರು, ಬಾಯಿಗೆ ಅಭ್ಯಾಸವಾದ್ದರಿಂದ. ಆಯಾ ಊಟದ ಹೊತ್ತಿಗೆ ಚಾಪೆ ಹಾಸುತ್ತಿದ್ದಳು, ಇಬ್ಬರೂ ಕೂರುತ್ತಿದ್ದರು, ಮಾತು ಕಡಿಮೆಯಾಗಿತ್ತು. ತಂಗಿಯ ಮಗಳ ವಿಷಯವನ್ನು ಇವಳು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಹೊಸ ಸಿಸ್ಟರ್ ಹಿಂತಿರುಗಿ ಬಂದ ದಿನ ದೊಡ್ಡ ಸಿಸ್ಟರ್ ಅವಳ ಮುಂದೆ ನಿಂತು, "ತಪ್ಪು ನನ್ನದು," ಎಂದಿದ್ದಳು. ಹೊಸ ಸಿಸ್ಟರ್, "ಸರಿ ಸಿಸ್ಟರ್," ಎಂದಷ್ಟೇ ಹೇಳಿ, ಇದರ ಹಿಂದೆ ಇನ್ನೇನಿದೆಯೋ ಎಂಬಂತೆ ನೋಡಿದ್ದಳು.

ಒಂದು ಮಧ್ಯಾಹ್ನ ಹೆರಿಗೆ ಕೋಣೆಯಲ್ಲಿ ಒಬ್ಬಳೇ ಹುಡುಗಿ ಇದ್ದಳು, ಚೊಚ್ಚಲ ಹೆರಿಗೆ. ತುಂಬಾ ಹೊತ್ತಿನಿಂದ ನೋವು ತಿನ್ನುತ್ತಿದ್ದಳು. ಕುತ್ತಿಗೆವರೆಗೂ ಹೊದಿಕೆ ಹೊದೆದು ಅದರ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದಿದ್ದಳು. ದೊಡ್ಡ ಸಿಸ್ಟರ್ ಪರದೆ ಸರಿಸಿ ಒಳಗೆ ಹೋದಳು.

"ಎಷ್ಟು ತೆರೆದಿದೆ ಅಂತ ನೋಡ್ಬೇಕು. ನೋಡಬಹುದಾ ಅಮ್ಮ?"

ಆ ಮಾತು ಅವಳ ಬಾಯಲ್ಲಿ ಇನ್ನೂ ಹೊಸ ಚಪ್ಪಲಿಯಂತೆ ಕಚ್ಚುತ್ತಿತ್ತು. ಹುಡುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾಕೆ ಕೇಳ್ತಿದೀರಾ? ಮಗೂಗೆ ಏನಾದ್ರೂ ತೊಂದ್ರೆ ಇದೆಯಾ?"

"ಏನೂ ಇಲ್ಲ. ಸುಮ್ನೆ ಕೇಳಿದೆ."

"ನೀವೇ ಅಲ್ವಾ ದೊಡ್ಡ ಸಿಸ್ಟರ್ ಅಂದ್ರೆ? ನಮ್ಮ ಅತ್ತಿಗೆ ಹೇಳಿದ್ರು." ಅವಳ ಕಣ್ಣು ಪರದೆಯಾಚೆ ಹೊಸ ಸಿಸ್ಟರನ್ನು ಹುಡುಕಿತು. "ಅವರು ನೋಡ್ಲಿ."

ಹಿಂದಿನ ದಿನಗಳಾಗಿದ್ದರೆ ಆ ಕೋಣೆ ನಡುಗುತ್ತಿತ್ತು. ದೊಡ್ಡ ಸಿಸ್ಟರ್ ಕೈಗವಸು ಬಿಚ್ಚಿ ಬುಟ್ಟಿಗೆ ಹಾಕಿದಳು. ಹೊಸ ಸಿಸ್ಟರ್ ಬಂದು ನೋಡಿ, "ಇನ್ನೂ ಒಂದು ಗಂಟೆ ಆಗ್ಬಹುದು," ಎಂದು ಹೇಳಿ ಹೋದಳು.

ದೊಡ್ಡ ಸಿಸ್ಟರ್ ಹೋಗಲಿಲ್ಲ. ಸ್ಟೂಲೊಂದನ್ನು ಮೇಜಿನಿಂದ ಸ್ವಲ್ಪ ದೂರಕ್ಕೆ ಎಳೆದು ಕೂತಳು. ಮುಂದಿನ ನೋವು ಬಂದು ಹೋಯಿತು. ಹುಡುಗಿ ತುಟಿ ಕಚ್ಚಿ ಸಹಿಸಿದಳು, ಕಣ್ಣು ಮಾತ್ರ ಇವಳ ಕೈಗಳ ಮೇಲೇ ಇತ್ತು.

"ಕೂಗ್ಕೋಬೇಕು ಅನಿಸಿದ್ರೆ ಕೂಗ್ಕೋ," ಎಂದಳು ದೊಡ್ಡ ಸಿಸ್ಟರ್.

ಹುಡುಗಿಯ ತುಟಿ ಒಣಗಿ ಬಿಳಿಚಿತ್ತು. ದೊಡ್ಡ ಸಿಸ್ಟರ್ ಎದ್ದು, ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಚಾಚಿದಳು. ಲೋಟ ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿತ್ತು. ಆಮೇಲೆ ಹೊದಿಕೆಯ ಅಂಚಿನಿಂದ ಒಂದು ಕೈ ಮಾತ್ರ ಬಿಡಿಸಿಕೊಂಡು ಹುಡುಗಿ ಅದನ್ನು ತೆಗೆದುಕೊಂಡಳು. ಒಂದೊಂದೇ ಗುಟುಕು ಕುಡಿದಳು. ಕುಡಿಯುವಷ್ಟು ಹೊತ್ತೂ ಲೋಟದ ಅಂಚಿನ ಮೇಲಿನಿಂದ, ರೆಪ್ಪೆ ಬಡಿಯದೆ, ಅವಳನ್ನೇ ನೋಡುತ್ತಿದ್ದಳು.